ಗಿರಣಿ ಗುರುನಾಥನ ಶಾಣ್ಯಾ ಮಗಳು

ರಾಮದುರ್ಗದಲ್ಲಿ ಬಜಾರದಿಂದ ಹೊಳೆಯ ಕಡೆ ಇಳಿಯುವ ನಮ್ಮ ಓಣಿಯಲ್ಲಿ ಬರೀ ಗುರುನಾಥ ಅಂದರೆ ಯಾರಿಗೂ ತಿಳಿಯುವುದಿಲ್ಲ, ಗಿರಣಿ ಗುರುನಾಥ ಅನ್ನಬೇಕು. ಅವನ ಹಿಟ್ಟಿನ ಗಿರಣಿಗೂ ನನ್ನ ಕಿರಾಣಿ ಅಂಗಡಿಗೂ ನಡುವೆ ಒಂದೇ ಗೋಡೆ. ಗಿರಣಿ ಶುರುವಾದರೆ ನನ್ನ ಬರಣಿಗಳೆಲ್ಲ ನಡುಗುತ್ತವೆ, ಹಿಟ್ಟಿನ ಧೂಳು ಬಂದು ಬೆಲ್ಲದ ಪೆಂಟೆಯ ಮೇಲೆ ಕೂರುತ್ತದೆ. ಇದಕ್ಕಾಗಿ ನಾನು ಅವನ ಜೊತೆ ಜಗಳಾಡಿದ್ದಕ್ಕೆ ಲೆಕ್ಕವೇ ಇಲ್ಲ. ಜಗಳ ಮುಗಿದ ಮೇಲೆ ನನ್ನ ಮನೆಯ ಜೋಳವೂ ಅವನ ಗಿರಣಿಗೇ ಹೋಗುತ್ತದೆ. ಅವನು ಬೀಸಿದ ಹಿಟ್ಟಿನ ರೊಟ್ಟಿ ಬಡಿಯುವಾಗ ಹರಿಯುವುದಿಲ್ಲ, ಏನು ಮಾಡುವುದು.

ಅವನ ಊರು ಕಟಕೋಳ. ಅಪ್ಪ ಜಟ್ಟೆಪ್ಪ ಇನ್ನೊಬ್ಬರ ಗಿರಣಿಗೆ ಚೀಲ ಹೊರುತ್ತಿದ್ದವನು. ಚೀಲವನ್ನು ಬಾಗಿಲತನಕ ಹೊರಬಹುದಿತ್ತು, ಒಳಗೆ ಹೋಗಿ ಹಿಟ್ಟು ಮುಟ್ಟುವ ಹಾಗಿರಲಿಲ್ಲ. ಅಂಥವನ ಮಗ ತಾಲೂಕು ಊರಿಗೆ ಬಂದು ಸ್ವಂತ ಗಿರಣಿ ಹಾಕಿ, ಗೋಡೆಗೆ ಬುದ್ಧನ ಫೋಟೊ, ಬಾಬಾಸಾಹೇಬರ ಫೋಟೊ ತೂಗುಹಾಕಿದ. ಶುರುವಿನಲ್ಲಿ ನಮ್ಮ ಓಣಿಯ ಎಷ್ಟೋ ಮನೆಯವರು ಬುಟ್ಟಿ ಹೊತ್ತು ಅವನ ಬಾಗಿಲು ದಾಟಿ ಮುಂದಿನ ಗಿರಣಿಗೆ ಹೋಗುತ್ತಿದ್ದರು. ಕೇಳಿದರೆ ಅಲ್ಲಿ ಪಾಳಿ ಕಡಿಮೆ ಅನ್ನುತ್ತಿದ್ದರು. ಆಮೇಲೆ ರೊಟ್ಟಿಯ ರುಚಿ ಹತ್ತಿ ಒಬ್ಬೊಬ್ಬರಾಗಿ ಬಂದರು. ಬಂದವರು ಯಾವಾಗ ಬೇಕಾದರೂ ಹೋಗಬಹುದು ಅನ್ನುವ ಹೆದರಿಕೆ ಮಾತ್ರ ಗುರುನಾಥನ ಎದೆಯಿಂದ ಹೋಗಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ನಡೆದದ್ದೆಲ್ಲ ಈ ಹೆದರಿಕೆಯಿಂದಲೇ.

ಮನೆಯಲ್ಲಿ ಅವನ ತಾಯಿ ಪದ್ಮವ್ವ, ಹೆಂಡತಿ ಸಂಘಮಿತ್ರಾ, ಒಬ್ಬಳೇ ಮಗಳು ಸ್ನೇಹಲ್. ಹುಡುಗಿಗೆ ಆಟಿಸಂ. ಚಿಕ್ಕವಳಿದ್ದಾಗಲೇ ಬೆಳಗಾವಿಯ ಡಾಕ್ಟರ್ ಬಾಯಿ, ಡಾಕ್ಟರಮ್ಮ ಅನ್ನಿ, ಹಾಗಂತ ಹೇಳಿ, ಇದು ರೋಗವಲ್ಲ, ಮಗುವಿನ ರೀತಿಯೇ ಬೇರೆ ಅಂತ ತಿಳಿಸಿ ಕಳಿಸಿದ್ದರು. ಆ ರೀತಿ ಹೇಗಿತ್ತು ಅಂದರೆ, ಗಿರಣಿ ಶುರುವಾದ ಕೂಡಲೇ ಸ್ನೇಹಲ್ ಎಲ್ಲಿದ್ದರೂ ಓಡಿಬಂದು ಅದರ ದನಿಗೆ ದನಿ ಕೂಡಿಸಿ ಗುನುಗುವಳು. ಜೋಳ ಹಾಕಿದರೆ ಒಂದು ರಾಗ, ಗೋದಿ ಹಾಕಿದರೆ ಇನ್ನೊಂದು. ಬಿಸಿ ಹಿಟ್ಟು ಡಬ್ಬಿಗೆ ಇಳಿಯುತ್ತಿದ್ದಂತೆ ಮೊಣಕೈತನಕ ಕೈ ಹಾಕಿ ಕಣ್ಣು ಮುಚ್ಚಿ ನಿಂತುಬಿಡುವಳು. ಬಾಯಲ್ಲಿ ಬರುತ್ತಿದ್ದ ಮಾತು ಕೆಲವೇ ಕೆಲವು. ಅದರಲ್ಲಿ ಗಟ್ಟಿಯಾದದ್ದು ‘ಬ್ಯಾಡ’. ಹೊಸ ಅಂಗಿ ಬ್ಯಾಡ, ಕಾಲಿಗೆ ಚಪ್ಪಲಿ ಬ್ಯಾಡ, ಎಣ್ಣೆ ಹಚ್ಚುವುದು ಬ್ಯಾಡ. ಬ್ಯಾಡ ಅಂದಮೇಲೆ ದೇವರು ಬಂದು ಹೇಳಿದರೂ ಬ್ಯಾಡ.

ಹಿಟ್ಟಿಗೆ ಕೈ ಹಾಕಿದ್ದಕ್ಕೆ ಗಿರಾಕಿಗಳು ಸಿಟ್ಟಾಗುತ್ತಿದ್ದರು. ಕೆಲವರ ಸಿಟ್ಟು ಮಗುವಿನ ಕೈ ಅಂತ. ಇನ್ನು ಕೆಲವರ ಸಿಟ್ಟು ಯಾರ ಮನೆಯ ಕೈ ಅನ್ನುವುದರ ಮೇಲಿತ್ತು, ಅವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೇ. ಮೂಲೆ ಮನೆಯ ನಿಜಗುಣಪ್ಪನವರು, ಓಣಿಗೆಲ್ಲ ಹಿರಿಯರು, ಒಮ್ಮೆ ಡಬ್ಬಿ ಬಿಟ್ಟು ಹೊರಟೇ ಹೋದರು. ಗುರುನಾಥ ತನ್ನ ಮನೆಯ ಹಿಟ್ಟನ್ನು ಬೇರೆ ಡಬ್ಬಿಗೆ ತುಂಬಿ ಅವರ ಹಿಂದೆ ಓಡಿದ್ದನ್ನು ನಾನೇ ಕಂಡಿದ್ದೇನೆ. ತಿರುಗಿ ಬಂದವನು ಮಗಳ ಕೈಯನ್ನು ಜಗ್ಗಿ ಬಚ್ಚಲಿಗೆ ಒಯ್ದ.

ಹೀಗಿರುವಾಗ ಫಿಟ್ಸ್ ಶುರುವಾಯಿತು. ಗಿರಣಿ ಬಾಗಿಲಲ್ಲಿ ನಿಂತಿದ್ದ ಹುಡುಗಿ ನಿಂತಲ್ಲೇ ಬಿದ್ದು ಸೆಟೆದುಕೊಂಡಳು. ಒಬ್ಬರು ಮೂಗಿಗೆ ಉಳ್ಳಾಗಡ್ಡಿ ಹಿಡಿದರು, ಒಬ್ಬರು ಕೈಗೆ ಕಬ್ಬಿಣದ ಕೀಲಿ ಕೊಟ್ಟರು, ಎಲ್ಲರೂ ಕೂಗಾಡಿದರು, ಅವಳನ್ನು ಮಗ್ಗುಲಾಗಿ ಮಲಗಿಸಬೇಕು ಅನ್ನುವುದು ಒಬ್ಬರಿಗೂ ಗೊತ್ತಿರಲಿಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಇದು ಬೇರೆ ಮಕ್ಕಳಿಗಿಂತ ಹೆಚ್ಚು ಅಂತ ಡಾಕ್ಟರ್ ಬಾಯಿ ಹೇಳಿ ಕುಡಿಯುವ ಔಷಧ ಬರೆದುಕೊಟ್ಟರು. ಮತ್ತೊಮ್ಮೆ ಬಂತು, ಔಷಧ ಹೆಚ್ಚಿಸಿದರು. ಆಮೇಲೆ ಬರಲಿಲ್ಲ. ಆ ಔಷಧಕ್ಕೆ ನಾನು ಬೈಯುವವಳಲ್ಲ, ಮೊದಲೇ ಹೇಳಿಬಿಡುತ್ತೇನೆ. ಹುಡುಗಿ ಬೀಳುವುದನ್ನು ಒಮ್ಮೆ ನೋಡಿದವರು ಯಾರೂ ಬೈಯುವುದಿಲ್ಲ.

ಫಿಟ್ಸ್ ನಿಂತವು, ಜೊತೆಗೆ ಹುಡುಗಿಯೂ ನಿಂತಳು. ಓಡುವುದು ನಿಂತಿತು, ಗುನುಗುವುದು ನಿಂತಿತು. ಗುರುನಾಥ ಬುದ್ಧನ ಫೋಟೊದ ಕೆಳಗೆ ಒಂದು ಸ್ಟೂಲ್ ಹಾಕಿದ, ಮುಂಜಾನೆ ಅದರ ಮೇಲೆ ಕೂರಿಸಿದರೆ ಎಬ್ಬಿಸುವತನಕ ಅಲ್ಲೇ. ಹಿಟ್ಟಿನ ಡಬ್ಬಿ ಕೈಗೆ ಸಿಗುವಷ್ಟು ಹತ್ತಿರವಿದ್ದರೂ ಮುಟ್ಟುವುದಿಲ್ಲ. ಪಾಳಿಯಲ್ಲಿ ನಿಂತವರಿಗೆ ಅದೇ ಮಾತು.

“ಏನಪಾ ಗುರುನಾಥ, ನಿನ್ನ ಮಗಳು ಭಾಳ ಶಾಣ್ಯಾ ಆಗ್ಯಾಳಲ್ಲ,” ಅಂದರು ನಿಜಗುಣಪ್ಪನವರು.

“ಹೌದ್ರಿ ಯಪ್ಪಾ, ನಿಮ್ಮ ಆಶೀರ್ವಾದ,” ಅಂದ ಇವನು. ಆಶೀರ್ವಾದವಂತೆ.

ನಮ್ಮ ಕಡೆ ಶಾಣ್ಯಾ ಅಂದರೆ ಜಾಣೆ ಅಂತಲೂ ಹೌದು, ಹೇಳಿದಂತೆ ಕೇಳಿಕೊಂಡು ತೆಪ್ಪಗಿರುವ ಮಗು ಅಂತಲೂ ಹೌದು. ಇವು ಎರಡು ಬೇರೆ ಬೇರೆ ಗುಣ ಅಂತ ನಮಗೆ ಯಾರಿಗೂ ಇಷ್ಟು ವರ್ಷ ಅನ್ನಿಸಿಲ್ಲ. ಸಾಲಿಯ ಟೀಚರ್ ಬಾಯಾರೂ ಶಾಣ್ಯಾ ಅಂದರು, ಪದ್ಮವ್ವನೂ ದೃಷ್ಟಿ ತೆಗೆಯುತ್ತ ನನ್ನ ಶಾಣ್ಯಾ ಅಂದಳು. ಗುರುನಾಥನ ಮುಖ ಬಿಚ್ಚಿಕೊಂಡಿತು. ಗಿರಾಕಿ ಬಂದಾಗ ಎದ್ದು ಮಗಳನ್ನು ಹಿಡಿಯುವ ಕೆಲಸವಿಲ್ಲ, ಯಾರ ಹಿಂದೆಯೂ ಡಬ್ಬಿ ಹಿಡಿದು ಓಡುವ ಕೆಲಸವಿಲ್ಲ. ಅವನು ಪಾಳಿಯವರ ಜೊತೆ ಚಹಾ ಕುಡಿದು ಚೇಷ್ಟೆ ಮಾಡುವುದನ್ನು ನಾನು ಆಗಲೇ ಮೊದಲ ಸಲ ನೋಡಿದ್ದು.

ಒಬ್ಬಳಿಗೆ ಮಾತ್ರ ಸಮಾಧಾನವಿರಲಿಲ್ಲ. ಸಂಘಮಿತ್ರಾ ಕಡಿಮೆ ಮಾತಿನವಳು. ನನ್ನ ಅಂಗಡಿಯ ಕಟ್ಟೆಗೆ ಬಂದು ಕೂತರೂ ಬೇಕಾದ್ದು ಹೇಳಿ ಎದ್ದುಹೋಗುವಳು. ಅವಳೇ ಒಂದು ಮಧ್ಯಾಹ್ನ ಕೂತುಬಿಟ್ಟಳು.

“ಅಕ್ಕಾರ, ಸ್ನೇಹಲ್ ಅರ್ಧಾ ರೊಟ್ಟಿನೂ ತಿನ್ನವಲ್ಲಳು. ಗ್ವಾಡಿ ಹಿಡದು ನಡ್ಯಾಕ ಹತ್ಯಾಳ. ಬ್ಯಾಡ ಅನ್ನೂದೂ ಬಿಟ್ಟಾಳ.”

“ಗುರುನಾಥಗ ಹೇಳಿದಿ ಇಲ್ಲ?”

“ಹೇಳೇನ್ರಿ. ಬೆಳಗಾಂವಿಗೆ ಹೋಗೂ ಮುಂದ ಬಸ್ಸಿನ್ಯಾಗ ಹೇಳಿದೆ, ಅಕಿ ಬ್ಯಾಡ ಅನ್ನೂದು ಬಿಟ್ಟಾಳ, ಡಾಕ್ಟರ್ ಬಾಯಾರಿಗೆ ಹೇಳ್ರಿ ಅಂತ. ಬ್ಯಾಡ ಅನ್ನೂದು ಬಿಟ್ಟರ ಛಲೋನ ಆತಲ್ಲ, ಅದನ್ನೇನ ಹೇಳೂದು ಅಂದ್ರು.”

ಒಳಗೆ ಡಾಕ್ಟರ್ ಬಾಯಿ ಕೇಳಿದ್ದರಂತೆ, “ತ್ರಾಸ ಏನರ ಐತೇನ್ರಿ?” ಅಂತ. ಪ್ರತಿ ಸಲ ಹೋದಾಗಲೂ ಕೇಳುತ್ತಿದ್ದರಂತೆ. ಗುರುನಾಥ ಪ್ರತಿ ಸಲವೂ ಕೈ ಮುಗಿದು, “ಏನೂ ಇಲ್ರಿ ಬಾಯಾರ. ಈಗ ಭಾಳ ಶಾಣ್ಯಾ ಆಗ್ಯಾಳ, ಯಾರಿಗೂ ತ್ರಾಸ ಕೊಡೂದಿಲ್ಲ,” ಅನ್ನುತ್ತಿದ್ದ. ಹೊರಗೆ ಮಂದಿ ತುಂಬಿ ನಿಂತಿರುತ್ತಿದ್ದರು. ಡಾಕ್ಟರ್ ಬಾಯಿ ಅದೇ ಔಷಧ ಮುಂದುವರಿಸಿ ಅಂತ ಬರೆದುಕೊಡುತ್ತಿದ್ದರು. ಸಂಘಮಿತ್ರಾ ಮಗಳನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ನಿಂತಿರುತ್ತಿದ್ದಳು. ಗಂಡ ಮಾತಾಡುವಲ್ಲಿ ನಡುವೆ ಬಾಯಿ ಹಾಕುವುದು ಹೇಗೆ ಅಂತ ಸುಮ್ಮನಿದ್ದೆ ಅಂದಳು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಮುಂದಿನ ಸಲ ನೀನೇ ಹೇಳು ಅಂತ ಗದರಿಸಿ ಕಳಿಸಿದೆ. ಅಷ್ಟರಲ್ಲಿ ಸುರೇಬಾನದ ಮದುವೆ ಬಂತು.

ಮದುವೆ ಸಂಘಮಿತ್ರಾಳ ತಮ್ಮನದು. ನನ್ನನ್ನೂ ಕರೆದಿದ್ದರು, ಹೋದೆ. ಸ್ನೇಹಲ್‌ಗೆ ಹಸಿರು ಫ್ರಾಕು, ಕಾಲಿಗೆ ಮಿಂಚುವ ಬಕಲಿನ ಹೊಸ ಚಪ್ಪಲಿ. ಹಿಂದೆ ಯಾವ ಚಪ್ಪಲಿಯನ್ನೂ ಅವಳು ಓಣಿಯ ಕೊನೆಯತನಕ ಉಳಿಸಿಕೊಂಡವಳಲ್ಲ, ಕಿತ್ತು ಗಟಾರಕ್ಕೆ ಒಗೆಯುತ್ತಿದ್ದಳು. ಅವತ್ತು ಗುರುನಾಥ ತಾನೇ ಮಗಳ ಮುಂದೆ ಕೂತು ತೊಡಿಸಿದ. ಸ್ವಲ್ಪ ಬಿಗಿಯಾಗಿತ್ತು. ಬಿಗಿಯಿದ್ದರೆ ಬಿಚ್ಚುವುದಿಲ್ಲ ಅಂತ ಇನ್ನೊಂದು ತೂತಿಗೆ ಜಗ್ಗಿ ಬಕಲು ಹಾಕಿದ. ಅವಳು ಅವನ ತಲೆಯ ಮೇಲಿಂದ ಎಲ್ಲೋ ನೋಡುತ್ತ ಕೂತಿದ್ದಳು.

ಬುದ್ಧನ ಮೂರ್ತಿಯ ಮುಂದೆ ಮದುವೆ ನಡೆಯಿತು. ಸ್ನೇಹಲ್ ನಿಲ್ಲಿಸಿದಲ್ಲಿ ನಿಂತಳು, ಕೂರಿಸಿದಲ್ಲಿ ಕೂತಳು. ಫೋಟೊದವನು ಕರೆದ ಕಡೆಗೆಲ್ಲ ನಡೆಸಿಕೊಂಡು ಹೋದರು, ಹೋದಳು. ಹಿಂದಿನ ಮದುವೆಯಲ್ಲಿ ಇವಳ ಚೀರಾಟ ಕಂಡಿದ್ದ ಬೀಗರೆಲ್ಲ ಬಾಯಮೇಲೆ ಕೈಯಿಟ್ಟುಕೊಂಡರು. ಎಷ್ಟು ಶಾಣ್ಯಾ ಆದಳು ಅನ್ನದವರು ಅಲ್ಲಿ ಯಾರೂ ಉಳಿಯಲಿಲ್ಲ. ನಾನೂ ಅಂದೆ. ಗುರುನಾಥ ಮಗಳ ಕೈ ಹಿಡಿದುಕೊಂಡು ಇಡೀ ಮಂಟಪ ಸುತ್ತಿಸಿ, ಸಿಕ್ಕವರಿಗೆಲ್ಲ ಅವಳಿಂದ ನಮಸ್ಕಾರ ಮಾಡಿಸಿದ. ಅಷ್ಟು ಬೀಗುವುದು ಅವನ ಸ್ವಭಾವವಲ್ಲ. ಅವತ್ತು ಮಾತ್ರ ಅವನನ್ನು ಹಿಡಿಯುವವರೇ ಇರಲಿಲ್ಲ.

ಸಂಜೆ ಬಸ್ಸಿನಲ್ಲಿ ತಿರುಗಿ ಬಂದೆವು. ಇಳಿದ ಮೇಲೆ ಹುಡುಗಿ ನಡೆಯಲಿಲ್ಲ. ದಣಿದಾಳ ಅಂತ ಗುರುನಾಥ ಎತ್ತಿಕೊಂಡು ಬಂದು ಗಿರಣಿಯ ಕಟ್ಟೆಯ ಮೇಲೆ ಕೂರಿಸಿದ, ತಾನೇ ಬಕಲು ಬಿಚ್ಚಿದ. ಚಪ್ಪಲಿ ಬರಲಿಲ್ಲ. ಪಟ್ಟಿ ಹಿಮ್ಮಡಿಗೆ ಅಂಟಿತ್ತು. ಮೆಲ್ಲಗೆ ಬಿಡಿಸಿದರೆ ಚರ್ಮವೂ ಜೊತೆಗೇ ಬಂತು. ಎರಡೂ ಕಾಲು ಹಾಗೇ. ಬೊಬ್ಬೆ ಎದ್ದು ಒಡೆದು, ರಕ್ತ ಬಂದು ಒಣಗಿ, ಅದರ ಮೇಲೆ ಮತ್ತೆ ನಡೆದಿದ್ದಳು. ಎಲ್ಲರಿಗೂ ನಮಸ್ಕಾರ ಮಾಡಿದ್ದಳು. ಈಗಲೂ ಅವಳು ಅಳಲಿಲ್ಲ. ಕಣ್ಣಲ್ಲಿ ನೀರು ಮಾತ್ರ ತಾನಾಗಿ ಇಳಿಯುತ್ತಿತ್ತು. ಮುಖದಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಗುರುನಾಥ ಆ ಕಾಲುಗಳನ್ನು ಹಿಡಿದುಕೊಂಡು ನೆಲದ ಮೇಲೆ ಕೂತ.

“ಬ್ಯಾಡ ಅನ್ನಬೇಕಿಲ್ಲವಾ ತಂಗಿ,” ಅಂದ ಮಗಳಿಗೆ. “ಒಮ್ಮೆರ ಬ್ಯಾಡ ಅನ್ನಬೇಕಿಲ್ಲ?”

ಸಂಘಮಿತ್ರಾ ಅರಿಸಿನ ತರಲು ಎದ್ದಿದ್ದಳು, ನಿಂತಳು. ದನಿ ಏರಿಸಲಿಲ್ಲ.

“ಬ್ಯಾಡ ಅನ್ನೂದು ಬಿಟ್ಟರ ಛಲೋನ ಆತು ಅಂದಿದ್ರಿ,” ಅಂದಳು.

ಇಷ್ಟು ಬಾಯಿ ಇಟ್ಟುಕೊಂಡವಳು ನಾನು, ಎದ್ದು ಅಂಗಡಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮರುದಿನ ಮುಂಜಾನೆ ಗುರುನಾಥ ಔಷಧದ ಬಾಟ್ಲಿ ಹಿಡಿದು ಹೊಳೆಯ ದಾರಿ ಹಿಡಿದಿದ್ದ. ಮಲಪ್ರಭೆಗೆ ಒಗೆದು ಬರುವುದು ಅಂತ. ಸಂಘಮಿತ್ರಾ ಬರಿಗಾಲಲ್ಲಿ ಓಡಿ ನನ್ನ ಅಂಗಡಿಯ ಮುಂದೆಯೇ ಅವನ ಕೈ ಹಿಡಿದಳು. ಒಮ್ಮೆಲೇ ಬಿಟ್ಟರ ಫಿಟ್ಸ್ ಬಿಡಲಾರದ ಬರ್ತಾವ ಅಂತ ಡಾಕ್ಟರ್ ಬಾಯಾರು ಮೊದಲಽ ಹೇಳ್ಯಾರ, ಇದನ್ನಾರ ಕೇಳ್ರಿ ಅಂದಳು. ಅವನು ಬಾಟ್ಲಿ ಕೊಟ್ಟ. ಅವಳು ಓಣಿಯ ನಡುವೆಯೇ ನಿಂತು, ಇವತ್ತಽ ಬೆಳಗಾಂವಿಗೆ ಹೋಗೂದು, ಮಾತಾಡಾಕಿ ನಾನು ಅಂದಳು. ಗಿರಣಿಗೆ ಅವತ್ತು ಕೀಲಿ ಬಿತ್ತು. ಬುಟ್ಟಿ ತಂದವರು ಗೊಣಗುತ್ತ ತಿರುಗಿ ಹೋದರು.

ಡಾಕ್ಟರ್ ಬಾಯಿ ಸಂಘಮಿತ್ರಾ ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದರಂತೆ. ರೊಟ್ಟಿ, ಗೋಡೆ, ಗುನುಗು, ಚಪ್ಪಲಿ. ಹುಡುಗಿಯನ್ನು ನಡೆಸಿ ನೋಡಿದರು, ತೂಕ ಹಾಕಿ ನೋಡಿದರು, ರಕ್ತ ತೆಗೆಸಿದರು. ಆಮೇಲೆ ಗುರುನಾಥನ ಕಡೆ ತಿರುಗಿದರು.

“ಪ್ರತಿ ಸಲ ಕೇಳೇನಲ್ರಿ, ತ್ರಾಸ ಏನರ ಐತೇನು ಅಂತ?”

“ಅಕಿ ತ್ರಾಸ ಕೊಡತಾಳೇನು ಅಂತ ಕೇಳಿದ್ರಿ ಅಂತ ತಿಳಕೊಂಡಿದ್ದೆರಿ,” ಅಂದ ಗುರುನಾಥ.

“ಅಲ್ರಿ. ಔಷಧ ಅಕಿಗೆ ತ್ರಾಸ ಕೊಡತೈತೇನು ಅಂತ ಕೇಳಿದ್ದು.”

ಡಾಕ್ಟರ್ ಬಾಯಿ, ತಾವೂ ಬಿಡಿಸಿ ಕೇಳಬೇಕಾಗಿತ್ತು, ಮಗುವನ್ನು ನಡೆಸಿ ನೋಡಬೇಕಾಗಿತ್ತು ಅಂದರಂತೆ. ಹಾಗಂತ ಒಪ್ಪಿಕೊಳ್ಳುವ ಡಾಕ್ಟರರು ಕಡಿಮೆ, ಅದಕ್ಕೇ ಹೇಳಿದೆ. ಆಮೇಲೆ ತಿಳಿಸಿ ಹೇಳಿದರು. ಈ ಔಷಧ ಕೆಲವು ಮಕ್ಕಳಿಗೆ ಒಗ್ಗುತ್ತದೆ, ಕೆಲವರಿಗೆ ಮಂಕು ಹಿಡಿಸುತ್ತದೆ, ಹಸಿವು ಕೆಡಿಸುತ್ತದೆ, ಕಾಲು ತಡವರಿಸುತ್ತದೆ. ಇನ್ನು ಕೆಲವು ಔಷಧಕ್ಕೆ ಮಗು ಮಂಕಾಗುವ ಬದಲು ಸಿಟ್ಟಿಗೇಳುತ್ತದೆ, ನಿದ್ದೆ ಬಿಡುತ್ತದೆ. ಯಾರಿಗೆ ಯಾವುದು ಅಂತ ಕೊಟ್ಟು ನೋಡದೆ ಗೊತ್ತಾಗುವುದಿಲ್ಲ.

“ಬ್ಯಾರೆ ಮಕ್ಕಳಾದ್ರ ತಲಿ ತಿರಗತೈತಿ ಅಂತ ತಾವ ಹೇಳತಾವ. ಈ ಮಕ್ಕಳಿಗೆ ಹೇಳಾಕ ಬರೂದಿಲ್ಲ. ಮದಲ ಹ್ಯಾಂಗಿದ್ಲು, ಈಗ ಹ್ಯಾಂಗದಾಳ, ಅದನ್ನ ನೀವ ಹೇಳಬೇಕು. ಶಾಣ್ಯಾ ಆಗ್ಯಾಳ ಅಂದ್ರ ನನಗ ಏನ ತಿಳಿಬೇಕ್ರಿ?”

ಹಳೆಯ ಔಷಧವನ್ನು ವಾರವಾರಕ್ಕೆ ಇಳಿಸುತ್ತ, ಹೊಸದನ್ನು ಸ್ವಲ್ಪ ಸ್ವಲ್ಪ ಏರಿಸುವುದು ಅಂತಾಯಿತು. ಅವಳ ಮಾತು ಮತ್ತೆ ಬರುತ್ತದಾ ಅಂತ ಸಂಘಮಿತ್ರಾ ಕೇಳಿದಳು. ಬರಬಹುದು, ಎಷ್ಟು ಅಂತ ಈಗಲೇ ಹೇಳಲಾರೆ ಅಂದರು. ಗುರುನಾಥ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಕೂತವನು ರಾಮದುರ್ಗ ಬರುವತನಕ ತಿರುಗಲಿಲ್ಲ.

ಆಮೇಲಿನ ಗುರುನಾಥ ಬೇರೆಯೇ ಮನುಷ್ಯ. ಚಹಾ ಇಲ್ಲ, ಚೇಷ್ಟೆ ಇಲ್ಲ. ಪಾಳಿಯಲ್ಲಿ ಯಾರೋ ತಾಯಿ ತನ್ನದೇ ಮಗುವಿಗೆ ಶಾಣ್ಯಾಕಿ, ಸುಮ್ಮನ ಕುಂದರು ಅಂದರೂ ಇವನ ಮುಖ ಕಪ್ಪಿಡುತ್ತಿತ್ತು. ಆ ಶಬ್ದ ನಮ್ಮ ಗಿರಣ್ಯಾಗ ಅನಬ್ಯಾಡ್ರಿ ಅನ್ನುವನು. ಅವರು ಪಿಳಿಪಿಳಿ ನೋಡುವರು. ಮಗಳ ಹಿಮ್ಮಡಿಯ ಗಾಯ ಮಾಯ್ದು ಕಲೆ ಉಳಿದಿತ್ತು. ಸ್ಟೂಲಿನ ಮೇಲೆ ಕೂತ ಅವಳ ಕಾಲು ಕಣ್ಣಿಗೆ ಬಿದ್ದಾಗೆಲ್ಲ ಅವನು ಬೀಸುವುದನ್ನು ಮರೆತು ನಿಲ್ಲುವನು, ಖಾಲಿ ಗಿರಣಿ ಗರಗರ ಅನ್ನುವುದು, ನಾನು ಈಚೆಯಿಂದ ಗೋಡೆ ಗುದ್ದುವೆನು.

“ನನಗ ಗೊತ್ತಿತ್ತೇನೋ ಅಕ್ಕಾರ,” ಅಂದ ಒಮ್ಮೆ, ಉಪ್ಪು ಒಯ್ಯಲು ಬಂದಾಗ. “ಮಂದಿ ಹೋಗಿಬಿಡತಾರ ಅಂತ ಅಂಜಿಕಿ ಇತ್ತು. ಅಕಿ ಸುಮ್ಮನ ಕುಂತದ್ದು ನನಗ ಬೇಕಾಗಿತ್ತು. ಬೇಕಾಗಿದ್ದಕ್ಕ ಗೊತ್ತ ಮಾಡಿಕೊಳ್ಳಲಿಲ್ಲ.”

ಅಲ್ಲ ಅನ್ನಬೇಕಿತ್ತೇನೋ. ಸುಳ್ಳು ಹೇಳಿ ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. ಉಪ್ಪು ಕೊಟ್ಟೆ.

ಚಳಿಗಾಲದ ಹೊತ್ತಿಗೆ ಹಳೆಯ ಔಷಧ ಪೂರ್ತಿ ನಿಂತಿತ್ತು. ಒಂದು ಮುಂಜಾನೆ ಗಿರಣಿಯ ದನಿಯ ಒಳಗಿಂದ ಇನ್ನೊಂದು ದನಿ ಗೋಡೆ ದಾಟಿ ಬಂತು. ನಾನು ತಕ್ಕಡಿ ಬಿಟ್ಟು ಎದ್ದು ಹೋದೆ. ಸ್ನೇಹಲ್ ಸ್ಟೂಲು ಬಿಟ್ಟು ಇಳಿದಿದ್ದಳು. ನಿಜಗುಣಪ್ಪನವರ ಡಬ್ಬಿಗೆ ಮೊಣಕೈತನಕ ಕೈ ಹಾಕಿ, ಕಣ್ಣು ಮುಚ್ಚಿ ಗುನುಗುತ್ತಿದ್ದಳು.

“ಮದಲ ಶಾಣ್ಯಾ ಇದ್ಲಲ್ಲೋ, ಮತ್ತ ಯಾಕ ಹಿಂಗ ಬಿಟ್ಟಿ?” ಅಂದರು ನಿಜಗುಣಪ್ಪನವರು.

ಗುರುನಾಥ ಗಿರಣಿ ಬಂದ್ ಮಾಡಿದ. “ಶಾಣ್ಯಾ ಇರಲಿಲ್ರಿ ಯಪ್ಪಾ. ಅಕಿಗೆ ಎಚ್ಚರ ಇರಲಿಲ್ಲ,” ಅಂದ. “ಹಿಟ್ಟ ಬ್ಯಾರೆ ಕೊಡತೇನಿ. ಅಕಿ ಕೈ ಮಾತ್ರ ತಗಸೂದಿಲ್ಲ.”

ನಿಜಗುಣಪ್ಪನವರು ಅವನನ್ನೂ ಅವಳನ್ನೂ ನೋಡಿ ಹೊರಟುಹೋದರು. ಗುರುನಾಥ ಹಿಂದೆ ಓಡಲಿಲ್ಲ. ಆಮೇಲೆ ಅವರ ಮನೆಯ ಜೋಳ ಮುಂದಿನ ಗಿರಣಿಗೆ ಹೋಗತೊಡಗಿತು, ಇವತ್ತಿಗೂ ಅಲ್ಲಿಗೇ ಹೋಗುತ್ತದೆ.

ಗುನುಗು ಬಂತು, ಹಸಿವು ಬಂತು, ಓಟ ಬಂತು. ಮಾತು ಮಾತ್ರ ಬರಲಿಲ್ಲ. ಸಂಘಮಿತ್ರಾ ದಿನವೂ ಕಾಯುತ್ತಿದ್ದಳು. ಅದು ಬಂದ ದಿನ ನಾನು ಹಿಟ್ಟು ತರಲು ಅಲ್ಲೇ ನಿಂತಿದ್ದೆ. ಕರೆಂಟು ಹೋಗಿ ಗಿರಣಿ ಸುಮ್ಮನಿತ್ತು. ಗುರುನಾಥ ಹೊಸ ಔಷಧವನ್ನು ಚಮಚಕ್ಕೆ ಹಾಕಿ ಮಗಳ ಬಾಯಿಗೆ ಹಿಡಿದ. ಅವಳು ಮುಖ ತಿರುಗಿಸಿ, ಅಪ್ಪನ ಕೈಯನ್ನು ಆಚೆ ದೂಡಿ, “ಬ್ಯಾಡ,” ಅಂದಳು.

ಸಂಘಮಿತ್ರಾ ಬಾಯಿ ಮುಚ್ಚಿಕೊಂಡು ಅತ್ತಳು. ಪದ್ಮವ್ವ ಒಳಗಿಂದ ಬಂದು ಏನಂದಿ, ಇನ್ನೊಮ್ಮೆ ಅನ್ನವಾ ಅಂತ ಮೊಮ್ಮಗಳ ಗದ್ದ ಹಿಡಿದಳು. ಗುರುನಾಥನೂ ನಗುತ್ತಿದ್ದ, ನಗುತ್ತಲೇ ಚಮಚವನ್ನು ಮತ್ತೆ ಹಿಡಿದ. ಬ್ಯಾಡ. ಫಿಟ್ಸಿನ ಔಷಧ ತಪ್ಪಿಸುವ ಹಾಗಿಲ್ಲವಲ್ಲ, ಸಂಘಮಿತ್ರಾ ಕಣ್ಣು ಒರೆಸಿಕೊಂಡು ಚಮಚ ತೆಗೆದುಕೊಂಡಳು. ಅವಳ ಕೈಯಿಂದ ಹುಡುಗಿ ಒಂದೇ ಗುಟುಕಿಗೆ ಕುಡಿದಳು. ಗುರುನಾಥನ ನಗು ಅಲ್ಲಿಗೆ ನಿಂತಿತು.

ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಔಷಧವಷ್ಟೇ ಅಲ್ಲ, ಅವನು ನೀರು ಕೊಟ್ಟರೂ ಬ್ಯಾಡ, ಕಾಲು ತೊಳೆಯಲು ಬಾಗಿದರೂ ಬ್ಯಾಡ. ತಾಯಿ ಮಾಡಿದರೆ ಆದೀತು, ಪದ್ಮವ್ವ ಮಾಡಿದರೆ ಆದೀತು, ನಾನು ಬೆಲ್ಲದ ಚೂರು ಕೊಟ್ಟರೂ ಆದೀತು. ಈಗಲೂ ಅವನೇ ಮುಂಜಾನೆ ಔಷಧ ಅಳೆಯುತ್ತಾನೆ, ಚಮಚವನ್ನು ಹೆಂಡತಿಯ ಕೈಗೆ ಕೊಟ್ಟು ಆಚೆ ಹೋಗಿ ನಿಲ್ಲುತ್ತಾನೆ. ನೋಡಲಾಗದೆ ಒಂದು ದಿನ ನಾನೇ ಹೇಳಿದೆ.

“ಸಣ್ಣ ಹುಡುಗಿ, ಹಟ ಹಿಡದೈತಿ. ತಾನ ಬಿಡತೈತಿ ತೊಗೊ.”

“ಅನ್ನಲಿ ಬಿಡ್ರಿ ಅಕ್ಕಾರ,” ಅಂದ ಗುರುನಾಥ. “ಅವತ್ತ ಅಕಿ ಅನ್ನಾಕ ಆಗದ ಉಳದ ‘ಬ್ಯಾಡ’ ಎಷ್ಟ ಅದಾವೋ ಏನೋ, ಎಲ್ಲಾ ನನಗ ಬರಬೇಕಾದವ.”

ಅಷ್ಟು ಹೇಳಿ ಬುಟ್ಟಿಯ ಜೋಳವನ್ನು ಗಿರಣಿಗೆ ಸುರಿದ.